ಹಿರಿಯ ಹೆಣ್ಣುಮಗಳ ಮರ್ಯಾದೆ

ಎಂಬತ್ತರ ದಶಕದಲ್ಲಿ ಕೂಡ್ಲಿಗಿ ಕಡೆ ದಿಕ್ಕಿಲ್ಲದ ಮುದುಕಿಯರ ಆಶ್ರಮವೊಂದಿತ್ತು. ನಾನು ನರ್ಸು, ಪಟ್ಟಿ ಕಟ್ಟಲು ಅಲ್ಲಿಗೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಒಂದು ದಿನ ಹನುಮಕ್ಕಜ್ಜಿ ಮೈ ಮುಟ್ಟಿಸಿಕೊಳ್ಳಲೇ ಇಲ್ಲ. ತೋಳಿನ ಮೇಲೆ ಬೆರಳಿನ ಗುರುತು ನೀಲಿಗಟ್ಟಿತ್ತು.

"ಕಾವಲಿನವ ಒಳಗ ಬಂದು ಮೈಮ್ಯಾಲೆ ಬೀಳ್ತಾನ ಯವ್ವಾ. ಬಾಗಲಾ ಹಾಕ್ಕೊಳ್ಳಾಕ ಒಳಗ ಚಿಲಕಾನ ಇಲ್ಲ" ಅಂದಳು.

ಮ್ಯಾನೇಜರಿಗೆ ಹೇಳಿದರೆ ನಕ್ಕ. "ಎಪ್ಪತ್ತು ದಾಟಿದಾಕಿನ್ನ ಯಾರು ಮುಟ್ತಾರ್ರಿ ಸಿಸ್ಟರ್? ಆಕಿಗೆ ಅರಳು ಮರಳು."

ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾದ್ರ ಇವತ್ತು ನಿಮ್ಮವ್ವನ್ನ ಈ ಕೋಣ್ಯಾಗ ಮಲಗಸ್ರಿ. ಆಕಿಗೂ ಎಪ್ಪತ್ತು ದಾಟಿರಬೇಕಲ್ಲ?"

ಅವನ ಮುಖ ಕೆಂಪಗಾಯಿತು. ನಾನು ಅಜ್ಜಿಯನ್ನು ಕೇಳಿ, ಅವಳು ಹೂಂ ಅಂದ ಮೇಲೆ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಪರೀಕ್ಷಿಸಿ ಬರೆದುಕೊಟ್ಟರು. ಠಾಣೆಯಲ್ಲಿ ಮಾತ್ರ ಜಮಾದಾರ, "ಸಾಹೇಬ್ರು ಬರ್ಲಿ, ನೋಡೋಣ" ಅಂದ. ಸಂಜೆವರೆಗೂ ಬೆಂಚಿನ ಮೇಲೆ ಕೂತೆವು, ಸಾಹೇಬರು ಬರಲಿಲ್ಲ. ಅಜ್ಜಿಯನ್ನು ನಮ್ಮ ಮನೆಗೇ ಕರಕೊಂಡು ಹೋದೆ.

ಬೆಳಗಾಗುತ್ತಲೇ ನನ್ನ ಮೇಲಧಿಕಾರಿಯಿಂದ ಕರೆ ಬಂತು. ಹಿರಿಯ ಹೆಣ್ಣುಮಗಳೊಬ್ಬಳ ಮರ್ಯಾದೆಗೆ ಕುಂದು ಬಂದಿದೆ ಎಂದು ಆಶ್ರಮದಿಂದ ದೂರು ಬಂದಿದೆಯಂತೆ. ಕೊನೆಗೂ ಬುದ್ಧಿ ಬಂತಲ್ಲ ಅಂದುಕೊಂಡೆ.

ದೂರು ನನ್ನ ಮೇಲಿತ್ತು. ಹಿರಿಯ ಹೆಣ್ಣುಮಗಳೆಂದರೆ, ಮ್ಯಾನೇಜರನ ಅವ್ವ.