ಹುಮೇರಾಳ ನರ್ಸಿಂಗ್ ಸೀಟು

ದೋರನಹಳ್ಳಿಯ ಶರೀಫಸಾಬರು ಗಾದಿ ಮಾಡುವವರು. ಅರಳೆ ಹಿಂಜಿ, ತುಂಬಿ, ಹೊಲಿದು ಕೊಡುವುದರಲ್ಲೇ ಅರ್ಧ ಆಯುಷ್ಯ ಕಳೆದಿದ್ದರು. ಕೈಯಿಂದ ಹಿಂಜಿ ಹಿಂಜಿ ಭುಜ ಸೋತಿತ್ತು. ಹಿಂಜುವ ಮಷೀನು ಕೊಳ್ಳಬೇಕೆಂದು ಬಹಳ ವರ್ಷಗಳಿಂದ ಹಣ ಕೂಡಿಸಿದ್ದರು. ಮಗಳು ಹುಮೇರಾ ಶಹಾಪುರದಲ್ಲಿ ಪಿಯುಸಿ ಮುಗಿಸಿ, ನರ್ಸ್ ಆಗುವ ಆಸೆ ಇದೆಯೆಂದು ತಾಯಿಯ ಕಿವಿಯಲ್ಲಿ ಹೇಳಿದಾಗ, ಶರೀಫಸಾಬರು ಆ ಹಣವನ್ನು ತಾವಾಗಿಯೇ ತೆಗೆದುಕೊಟ್ಟರು.

ಯಾದಗಿರಿಯ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಪ್ರವೀಣಕುಮಾರ ಎಂಬ ಗುಮಾಸ್ತ ಎಲ್ಲವನ್ನೂ ಬಿಡಿಸಿ ಹೇಳಿದ. ಪಿಯುಸಿ ಪಾಸಾಗಿದ್ದರೆ ಸಾಕು, ಆರ್ಟ್ಸ್ ಆದರೂ ನಡೆಯುತ್ತದೆ. ಅಸಲು ಮಾರ್ಕ್ಸ್ ಕಾರ್ಡು, ಟಿ.ಸಿ. ಕಾಲೇಜಿನಲ್ಲೇ ಇರುತ್ತವೆ. ಮೂರು ವರ್ಷದ ಕೋರ್ಸು, ಫೀಸು ವರ್ಷಕ್ಕೆ ಎರಡು ಕಂತು. ಯೂನಿಫಾರಂ, ಪರೀಕ್ಷೆಯ ಖರ್ಚು ಬೇರೆ.

"ಪಾಠ ಕನ್ನಡದಾಗ ಇರ್ತಾವೇನ್ರಿ ಸರ್?" ಹುಮೇರಾ ಕೇಳಿದಳು.

"ಮೊದಮೊದಲು ತ್ರಾಸ ಆಗ್ತದಮ್ಮ. ಆಮ್ಯಾಲ ರೂಢಿ ಆಗ್ತದ," ಎಂದು ಅವನು ರಸೀದಿ ಹರಿದುಕೊಟ್ಟ.

ರೂಢಿ ಆಗಲಿಲ್ಲ. ಪುಸ್ತಕ ಇಂಗ್ಲಿಷು, ಪಾಠ ಇಂಗ್ಲಿಷು, ಬೋರ್ಡಿನ ಮೇಲಿನ ಮೂಳೆಗಳ ಹೆಸರೂ ಇಂಗ್ಲಿಷು. ಸರಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಮೊದಲ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿ ಇಲ್ಲಿ ಕೊನೆಯ ಬೆಂಚಿಗೆ ಸರಿದಳು. ವಾರ್ಡಿನ ಡ್ಯೂಟಿ ಮಾತ್ರ ಅವಳಿಗೆ ಇಷ್ಟ. ಮುದುಕಿಯರು ಅವಳ ಕೈ ಹಿಡಿದುಕೊಂಡು ಮಾತಾಡುತ್ತಿದ್ದರು. ಆದರೆ ಪರೀಕ್ಷೆಯಲ್ಲಿ ಮುದುಕಿಯರು ಬರಲಿಲ್ಲ. ಮೊದಲ ವರ್ಷ ಎರಡು ವಿಷಯ ಹೋದವು. ಮನೆಯಲ್ಲಿ ಪಾಸಾದೆ ಅಂದಳು. ಶರೀಫಸಾಬರು ಓಣಿಗೆಲ್ಲ ಸಕ್ಕರೆ ಹಂಚಿದರು. ಎರಡನೆಯ ವರ್ಷದ ಮೊದಲ ಕಂತನ್ನೂ ಹೇಗೋ ಹೊಂದಿಸಿ ಕಟ್ಟಿದರು.

ಒಂದು ದಿನ ತರಗತಿಯಲ್ಲಿ ಅವಳನ್ನು ಎಬ್ಬಿಸಿ ಓದಲು ಹೇಳಿದರು. ಎರಡು ಸಾಲು ಓದುವಷ್ಟರಲ್ಲಿ ಹಿಂದಿನಿಂದ ನಗೆ ಎದ್ದಿತು. ಪಾಠ ಮಾಡುವ ಮೇಡಂ ನಗಲಿಲ್ಲ, ಆದರೆ "ಯಾವ ಧೈರ್ಯದ ಮ್ಯಾಲ ಇಲ್ಲಿ ಬಂದಿ?" ಎಂದು ಕೇಳಿದರು. ಹುಮೇರಾ ಪುಸ್ತಕ ಮುಚ್ಚಿ ಕೂತಳು. ಮರುದಿನದಿಂದ ಕಾಲೇಜಿಗೆ ಹೋಗಲಿಲ್ಲ.

ಬಸ್ಸನ್ನಂತೂ ಬಿಡಲಿಲ್ಲ. ಬೆಳಿಗ್ಗೆ ಎಂದಿನಂತೆ ಬಿಳಿ ಯೂನಿಫಾರಂ ತೊಟ್ಟು ಯಾದಗಿರಿಗೆ ಹೋಗಿ, ಬಸ್ ನಿಲ್ದಾಣದಲ್ಲಿ ಬುರ್ಖಾ ಹಾಕಿಕೊಂಡು, ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಅಪ್ಪ ಕಟ್ಟಿದ ಫೀಸಿನಷ್ಟು ಹಣ ದುಡಿದು ಅವರ ಕೈಗಿಟ್ಟ ಮೇಲೆ ನಿಜ ಹೇಳಿದರಾಯಿತು ಎಂದುಕೊಂಡಿದ್ದಳು. ಸಂಜೆ ಮನೆಗೆ ಬಂದರೆ ಶರೀಫಸಾಬರು, "ಇವತ್ತೇನು ಕಲ್ಸಿದ್ರವ್ವ?" ಎಂದು ಕೇಳುವರು. ಅವಳು ಏನಾದರೊಂದು ಹೇಳುವಳು. ಅವರು ತಲೆದೂಗುವರು. ಮರುಸಂಜೆ ಬಸ್ಸು ಊರು ಸಮೀಪಿಸಿದಂತೆ ಅವಳು ಇನ್ನೊಂದು ಪಾಠವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಿದ್ದಳು.

ಹೀಗೆ ತಿಂಗಳುಗಳು ಕಳೆದವು. ಒಂದು ಭಾನುವಾರ ನೆರೆಮನೆಯ ಬಸ್ಸಮ್ಮ ಇಂಜೆಕ್ಷನ್ ಹಿಡಿದುಕೊಂಡು ಬಂದಳು. ವಯಸ್ಸಾದ ಜೀವ, ನಾಲ್ಕಾರು ದಿನದ ಜ್ವರ.

"ಡಾಕ್ಟರ್ ಬರ್ಕೊಟ್ಟಾರವ್ವ. ಇದೊಂದಕ್ಕ ಶಹಾಪುರಕ್ಕ ಎಲ್ಲಿ ಹೋಗ್ಲಿ? ನೀನ ಚುಚ್ಚು."

"ನನಗ ಬರಲ್ಲ ಆಯಿ. ದವಾಖಾನಿಗೆ ಹೋಗ್ರಿ."

"ಎರಡು ವರ್ಷ ಓದ್ಯಾಳ, ಬರಲ್ಲ ಅಂತಾಳ," ಎಂದು ತಾಯಿ ಮಜೀದಾ ನಕ್ಕಳು. ಶರೀಫಸಾಬರೂ ಅರಳೆ ಬಿಟ್ಟು ಎದ್ದುಬಂದರು. ಮಗಳ ವಿದ್ಯೆಯನ್ನು ಕಣ್ಣಾರೆ ನೋಡುವ ಆಸೆ ಅವರ ಮುಖದಲ್ಲಿತ್ತು. ಬಸ್ಸಮ್ಮ ಆಗಲೇ ತೋಳು ಚಾಚಿ ಕೂತಿದ್ದಳು. ಅವಳ ಸುಕ್ಕು ಚರ್ಮ ನೋಡುತ್ತಿದ್ದಂತೆ ಹುಮೇರಾ ಒಂದು ಹೆಜ್ಜೆ ಹಿಂದೆ ಸರಿದಳು. ಇಷ್ಟು ದಿನದ್ದು ಬರೀ ಮಾತಿನ ಸುಳ್ಳು. ಇದು ಒಬ್ಬರ ಮೈಗೆ ಸೂಜಿ ಚುಚ್ಚುವ ಸುಳ್ಳು.

"ನಾ ಕಾಲೇಜಿಗೆ ಹೋಗಾಕತ್ತಿಲ್ಲಪ್ಪ," ಅಂದಳು. "ಭಾಳ ದಿನ ಆತು. ಸೀರಿ ಅಂಗಡ್ಯಾಗ ಕೆಲ್ಸ ಮಾಡಾಕತ್ತೀನಿ. ಮೊದಲನೇ ವರ್ಷನೂ ಪಾಸಾಗಿಲ್ಲ."

ಬಸ್ಸಮ್ಮ ಸೆರಗು ಎಳೆದುಕೊಂಡು ಮೆಲ್ಲಗೆ ಎದ್ದು ಹೋದಳು.

ಮರುದಿನ ಅಪ್ಪ ಮಗಳು ಕಾಲೇಜಿಗೆ ಹೋದರು. ಮತ್ತೆ ಸೇರಬೇಕೆಂದರೆ ವರ್ಷದ ಫೀಸು ಹೊಸದಾಗಿ ಕಟ್ಟಬೇಕು, ಬಿಟ್ಟು ಹೋಗುವುದಾದರೆ ಮೂರನೆಯ ವರ್ಷದವರೆಗೆ ಉಳಿದ ಕಂತುಗಳನ್ನೆಲ್ಲ ತುಂಬಿ ಮಾರ್ಕ್ಸ್ ಕಾರ್ಡು ಒಯ್ಯಬೇಕು ಎಂದ ಪ್ರವೀಣಕುಮಾರ.

"ಕಲಿಯದ ವರ್ಷದ್ದೂ ಕೊಡಬೇಕೇನ್ರಿ?" ಶರೀಫಸಾಬರು ಕೇಳಿದರು.

"ಸೀಟು ಹಿಡದು ಇಟ್ಟೇವಲ್ರಿ. ಬ್ಯಾರೆಯವ್ರಿಗೆ ಕೊಡಾಕ ಬರಂಗಿಲ್ಲ. ರೂಲ್ಸ್ ನಾ ಮಾಡಿದ್ದಲ್ರಿ, ಸಾಹೇಬ್ರ."

ಹೊರಗೆ ಬೇವಿನ ಗಿಡದ ಕೆಳಗೆ ಶರೀಫಸಾಬರು ಕುಸಿದು ಕೂತರು. ತೋಳಿನಿಂದ ಕಣ್ಣೊರೆಸಿಕೊಂಡರು. ಮಗಳು ಅಪ್ಪನ ಅಳು ನೋಡಿದ್ದು ಅದೇ ಮೊದಲು.

"ನಿಮ್ಮ ಮಷೀನಿನ ರೊಕ್ಕ ಹಾಳು ಮಾಡಿದೆ ಅಪ್ಪಾ."

"ಮಷೀನಿನ ಸಲುವಾಗಿ ಅಳಾಕತ್ತಿಲ್ಲವ್ವ," ಅಂದರು ಅವರು. "ದಿನಾ ಸಂಜಿಕ ನಾ ಕೇಳ್ತಿದ್ದೆ. ದಿನಾ ನೀ ಒಳಗೊಳಗ ಸಾಯ್ತಿದ್ದಿ. ನನಗ ತಿಳೀಲಿಲ್ಲ ನೋಡು."

ಮಾರ್ಕ್ಸ್ ಕಾರ್ಡು ಕಾಲೇಜಿನಲ್ಲೇ ಉಳಿಯಿತು. ಹುಮೇರಾ ಸೀರೆ ಅಂಗಡಿಯ ಕೆಲಸ ಮುಂದುವರಿಸಿದಳು, ಈಗ ಮನೆಯಿಂದಲೇ ಬುರ್ಖಾ ತೊಟ್ಟು. ಸಂಜೆ ಅವಳು ಬಂದಾಗ ಶರೀಫಸಾಬರು, "ಊಟ ಮಾಡು" ಎಂದಷ್ಟೇ ಹೇಳುತ್ತಾರೆ. ಅವರು ಏನಾದರೂ ಕೇಳಲಿ, ಬೈಯಲಿ ಎಂದು ಅವಳಿಗೆ ಅನಿಸುತ್ತದೆ. ಅವರು ಕೇಳುವುದಿಲ್ಲ.

ಮುಂದಿನ ಚಳಿಗಾಲದಲ್ಲಿ ಸುರಪುರದಿಂದ ಒಂದು ಸಂಬಂಧ ಬಂತು. ಹುಡುಗಿ ನರ್ಸಿಂಗ್ ಓದುತ್ತಾಳೆಂದು ಯಾರೋ ಹಳೆಯ ಸುದ್ದಿ ಮುಟ್ಟಿಸಿದ್ದರು. ಬಂದವರು ಅದನ್ನೇ ಕೇಳಿದಾಗ ಮಜೀದಾ ಗಂಡನ ಮುಖ ನೋಡಿದಳು.

"ಇಲ್ರಿ, ಪಿಯುಸಿ ಅಷ್ಟ ಆಗ್ಯದ," ಅಂದರು ಶರೀಫಸಾಬರು.

ಬಂದವರು ಚಹಾ ಕುಡಿದು, ತಿಳಿಸುತ್ತೇವೆ ಎಂದು ಹೋದರು. ತಿಳಿಸಲಿಲ್ಲ. ಹುಮೇರಾಗೆ ಆ ಸಂಬಂಧ ತಪ್ಪಿದ್ದಕ್ಕೆ ದುಃಖವಿರಲಿಲ್ಲ. ಆ ಒಂದು ಮಾತು ಹೇಳುವಾಗ ಅಪ್ಪ ಅವಳ ಕಡೆ ನೋಡದೆ ನೆಲ ನೋಡಿದ್ದರು. ಅದೊಂದೇ ಅವಳಿಗೆ ಮರೆಯಲಾಗಲಿಲ್ಲ.