ಏಳನೆಯ ಪೆಟ್ಟು

ಇದನ್ನು ಹೇಳಿದಾಗಲೆಲ್ಲ ಜನ, ‘ದುಃಖದಲ್ಲಿ ಹಾಗೆಲ್ಲ ಅನ್ನಿಸುತ್ತದೆ’ ಎನ್ನುತ್ತಾರೆ. ಇರಬಹುದು. ಆದರೆ ಆ ರಾತ್ರಿ ನನ್ನೊಳಗೆ ದುಃಖವೂ ಇರಲಿಲ್ಲ. ಮತ್ತೆ, ಕೇಳಿಸಿಕೊಂಡವಳು ನಾನೊಬ್ಬಳೇ ಅಲ್ಲ.

ನಾನು ಉಡುಪಿ ಕಡೆಯವಳು. ಕೋಲ್ಕತ್ತದಲ್ಲಿ ಬ್ಯಾಂಕ್ ಕೆಲಸ. ಗರಿಯಾಹಾಟ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಮೂರನೆಯ ಮಹಡಿಯ ಮನೆ. ನನ್ನ ಗಂಡ ಗಣೇಶ ಸಾಲ್ಟ್ ಲೇಕಿನ ಆಫೀಸಿನಿಂದ ಬಂದವರೇ ಸಣ್ಣ ಕೋಣೆ ಸೇರಿ ಡ್ರಮ್ಸ್ ಮುಂದೆ ಕೂರುತ್ತಿದ್ದರು.

ಅವರಿಗೊಂದು ತಾಳದ ಲೆಕ್ಕ ಕೊನೆಗೂ ಹಿಡಿತಕ್ಕೆ ಸಿಗಲಿಲ್ಲ. ಐದು ಪೆಟ್ಟು, ಬಿಡದೆ ಏಳು, ಆಮೇಲೆ ನಾಲ್ಕು. ಒಟ್ಟು ಹದಿನಾರು. ಏಳರಲ್ಲಿ ಕೊನೆಯದನ್ನು ನುಂಗಿ ನಾಲ್ಕಕ್ಕೆ ಹಾರಿಬಿಡುತ್ತಿದ್ದರು. ಚಿಕ್ಕಂದಿನಲ್ಲಿ ಮೃದಂಗ ಕಲಿತವಳು ನಾನು. ಅಡುಗೆಮನೆಯಿಂದಲೇ ಕೂಗುತ್ತಿದ್ದೆ: “ಏಳ್ ಬರ್ಲಿಲ್ಲ ಮಾರಾಯ್ರೇ, ಆರೇ ಆಯ್ತು. ಇನ್ನೊಮ್ಮೆ!”

ಒಂದು ಮಧ್ಯಾಹ್ನ ಆಫೀಸಿನಲ್ಲೇ ಕುಸಿದು ಬಿದ್ದರು. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು.

ನಾನು ಅಳಲಿಲ್ಲ. ಊರಿಗೆ ಹೋಗಿ ಕಾರ್ಯ ಮುಗಿಸಿ ಬಂದೆ, ಕೌಂಟರಿನಲ್ಲಿ ಕೂತೆ, ಎಂಟು ವರ್ಷದ ಮಗಳು ಮಿನುಗೆ ಜಡೆ ಹಾಕಿದೆ. ಡ್ರಮ್ಸ್ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿ, ನುಸಿಗುಳಿಗೆ ಇಟ್ಟು, ಕೋಣೆಯ ಬಾಗಿಲು ಎಳೆದುಕೊಂಡೆ. ಬೇರೆಯವರ ಮನೆ ಒಪ್ಪ ಮಾಡಿದ ಹಾಗೆ.

ಎರಡು ತಿಂಗಳಾಗಿತ್ತು. ಆ ರಾತ್ರಿ ಬಸ್ಸುಗಳ ಸದ್ದು ಅಡಗಿತ್ತು. ಕೆಳಗಿನ ಮನೆಯ ಸಾಸಿವೆ ಎಣ್ಣೆಯ ವಾಸನೆ ಮಾತ್ರ ಮೆಟ್ಟಿಲಲ್ಲಿ ಉಳಿದಿತ್ತು. ನಿದ್ದೆ ಬಾರದೆ, ಅವರು ಅಭ್ಯಾಸಕ್ಕೆ ಇಟ್ಟುಕೊಂಡಿದ್ದ ರಬ್ಬರ್ ಪ್ಯಾಡನ್ನು ಊಟದ ಮೇಜಿನ ಮೇಲಿಟ್ಟು ಬಾರಿಸತೊಡಗಿದೆ. ತಕತಕಿಟ… ತಕಿಟತಕದಿಮಿ… ತಕದಿಮಿ. ಐದು, ಏಳು, ನಾಲ್ಕು. ಎಷ್ಟು ಹೊತ್ತೋ.

ಕೈ ಸೋತು ನಿಲ್ಲಿಸಿದೆ.

ಮುಚ್ಚಿದ ಕೋಣೆಯಿಂದ ಸದ್ದು ಬಂತು. ಬಟ್ಟೆಯ ಅಡಿಯಿಂದ ಬಂದಂತೆ… ಮೆತ್ತಗೆ. ಐದು ಪೆಟ್ಟು. ಆಮೇಲೆ ಆರು. ಆಮೇಲೆ ನಾಲ್ಕು.

ಹೆದರಬೇಕಿತ್ತು. ಹೆದರಲಿಲ್ಲ. ಬಾಯಿ ತಾನಾಗಿಯೇ ಹೇಳಿತು: “ಆರೇ ಆಯ್ತು. ಇನ್ನೊಮ್ಮೆ.”

ಮತ್ತೆ ಐದು… ಮತ್ತೆ ಆರು.

“ಅವಸರ ಬೇಡ ಮಾರಾಯ್ರೇ.”

ಬೆನ್ನ ಹಿಂದೆ ಮಿನು ಬಂದು ನಿಂತಿದ್ದಳು, ದಿಂಬು ತಬ್ಬಿಕೊಂಡು. “ಅಮ್ಮಾ, ಹೂ ಈಸ್ ಪ್ಲೇಯಿಂಗ್?” ಎಂದು ಪಿಸುಗುಟ್ಟಿದಳು.

ನಾನು ತುಟಿಯ ಮೇಲೆ ಬೆರಳಿಟ್ಟೆ. ಒಳಗೆ ಈಗ ನಿಧಾನವಾಗಿ, ಒಂದೊಂದೇ ಪೆಟ್ಟು ಎಣಿಸಿದಂತೆ: ಐದು. ಒಂದು, ಎರಡು, ಮೂರು, ನಾಲ್ಕು, ಐದು, ಆರು… ಏಳು. ಆಮೇಲೆ ನಾಲ್ಕು. ಸ್ವಚ್ಛವಾಗಿ.

“ಸರಿಯಾಯ್ತು,” ಎಂದೆ.

ಅಷ್ಟೇ. ಮತ್ತೆ ಸದ್ದಿಲ್ಲ.

ಬಾಗಿಲು ತೆರೆದು ದೀಪ ಹಾಕಿದೆ. ಬೆಡ್‌ಶೀಟಿನ ಮಡಿಕೆ ಕೂಡ ಕದಲಿರಲಿಲ್ಲ. ಆದರೆ ನುಸಿಗುಳಿಗೆಯ ವಾಸನೆಯ ಮೇಲೆ ಇನ್ನೊಂದು ವಾಸನೆ ಇತ್ತು: ಬಾರಿಸಿ ದಣಿದ ಮೇಲೆ ಅವರು ಮಣಿಕಟ್ಟಿಗೆ ಉಜ್ಜಿಕೊಳ್ಳುತ್ತಿದ್ದ ನೋವಿನ ಮುಲಾಮು. ಆ ಡಬ್ಬಿಯನ್ನು ನಾನೇ ಎಸೆದಿದ್ದೆ.

“ಪಪ್ಪಂಗೆ ಬಂತಲ್ವಾ?” ಎಂದಳು ಮಿನು. ನಾನು ಅವಳನ್ನು ಎತ್ತಿಕೊಂಡು ಹೋಗಿ ಮಲಗಿಸಿದೆ. ನಾನೂ ಮಲಗಿದೆ. ನಿದ್ದೆಯೂ ಬಂತು. ಅದೇ ಈಗ ನನಗೆ ವಿಚಿತ್ರವಾಗಿ ಕಾಣುವುದು.

‘ಸರಿಯಾಯ್ತು’ ಎನ್ನಬಾರದಿತ್ತೇನೋ. ಮರುದಿನದಿಂದ ಪ್ರತಿ ರಾತ್ರಿ ಬಾರಿಸಿ ಕಾದೆ. ಬೇಕೆಂದೇ ತಪ್ಪಿಸಿಯೂ ನೋಡಿದೆ… ಐದು, ಆರು, ನಾಲ್ಕು. ಒಳಗಿನಿಂದ ಉಸಿರಿಲ್ಲ.

ಹತ್ತನೆಯ ರಾತ್ರಿಯೋ ಏನೋ, ಮಿನು ಬಂದು ನನ್ನ ಕೈ ಹಿಡಿದಳು.

“ನಿಲ್ಸಮ್ಮಾ,” ಎಂದಳು. “ಹೀಗೆ ಕರೀತಾ ಇದ್ರೆ… ಬೇರೆ ಯಾರಾದ್ರೂ ಬಂದ್ರೆ?”

ಅಂದಿನಿಂದ ಆ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ ಮಲಗುತ್ತೇನೆ.