ಅವ್ವ ಬೈಯದ ಮನೆ

ನನ್ನ ಅಕ್ಕ ತವರು ಬಿಟ್ಟವಳೇ ಅಲ್ಲ. ನಮ್ಮವ್ವನಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ಅಪ್ಪ ತೀರಿಕೊಂಡ ಮೇಲೆ ಅಕ್ಕನ ಗಂಡ ಧಾರವಾಡದ ನಮ್ಮ ಮನೆಗೇ ಬಂದು ಉಳಿದರು. ಮನೆಯಳಿಯ ಎಂದು ಆಡಿಕೊಳ್ಳುವವರು ನಾಲ್ಕು ದಿನ ಆಡಿಕೊಂಡು ಸುಮ್ಮನಾದರು. ಅಕ್ಕ ಮಾತ್ರ ತಾನು ಹುಟ್ಟಿದ ಮನೆಯಲ್ಲೇ, ತಾನು ಚಿಕ್ಕಂದಿನಲ್ಲಿ ಕೈ ಸುಟ್ಟುಕೊಂಡ ಅದೇ ಒಲೆಯ ಮುಂದೆ ಸಂಸಾರ ಹೂಡಿದಳು. ನನ್ನನ್ನು ಗೋವಾಕ್ಕೆ ಕೊಟ್ಟರು. ನನ್ನ ಗಂಡನಿಗೆ ಮಡ್ಕಯಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ, ಫೋಂಡಾದಲ್ಲಿ ಎರಡು ಕೋಣೆಯ ಬಾಡಿಗೆ ಮನೆ.

ಬೇಸಿಗೆ ರಜೆ ಬಂತೆಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಲೋಕದ ರೂಢಿ. ನಮ್ಮ ಬಿಲ್ಡಿಂಗಿನಲ್ಲಿದ್ದ ಬೆಳಗಾವಿಯವಳು, ಕಾರವಾರದವಳು ಇಬ್ಬರೂ ಮಕ್ಕಳ ಪರೀಕ್ಷೆ ಮುಗಿದ ಮರುದಿನವೇ ಬ್ಯಾಗು ಹೊತ್ತು ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದರು. ನನ್ನದು ಉಲ್ಟಾ. ಮಗಳಿಗೆ ಗೋವಾದಲ್ಲಿ ಮನೆ ಇದೆ ಎಂದಮೇಲೆ ತವರೇ ಎದ್ದು ಇಲ್ಲಿಗೆ ಬರುತ್ತಿತ್ತು. ಅವರು ಸಮುದ್ರ ನೋಡುತ್ತಿದ್ದರು, ನಾನು ಕುಕ್ಕರ್ ಸೀಟಿ ಎಣಿಸುತ್ತಿದ್ದೆ. ತವರಿಗೆ ಹೋದ ಬೆಳಗಾವಿಯವಳು ಎಂಟು ಗಂಟೆಯವರೆಗೆ ಮಲಗಿ, ತಾಯಿಯಿಂದ ಉಗಿಸಿಕೊಂಡು, ಮೈ ತುಂಬಿಕೊಂಡು ವಾಪಸು ಬರುವುದನ್ನು ನೋಡಿದರೆ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಕಿವುಚಿದಂತಾಗುತ್ತಿತ್ತು.

ಮನೆಗೊಂದೇ ಮೊಬೈಲು ಇದ್ದ, ಅದನ್ನೂ ಗಂಡಸರು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ ಕಾಲ ಅದು. ಒಂದು ವರ್ಷ ಏಪ್ರಿಲ್‌ನಲ್ಲಿ ಮನೆಯ ಫೋನಿನಿಂದ ಅವ್ವನಿಗೆ ಕರೆ ಮಾಡಿ ಕರಾರು ಹಾಕಿದೆ.

"ಎಲ್ಲಾರೂ ಬರ್ರಿ. ಆದ್ರ ಅಕ್ಕ, ಮಕ್ಕಳು ಹೋದಮ್ಯಾಗ ನೀ ಎಂಟ ದಿನ ಇರಬೇಕು. ನೀ ಒಬ್ಬಾಕಿನ."

ಅವ್ವನಿಂದ ಮೊಣಕಾಲು ನೋವಿನ ಮಾತೋ, ಮೊಮ್ಮಕ್ಕಳ ಮಾತೋ ಬರುತ್ತದೆ ಎಂದುಕೊಂಡೆ.

"ನಿಮ್ಮಲ್ಲೆ ಕನ್ನಡ ಟೀವಿ ಬರಂಗಿಲ್ಲಲ್ಲವಾ. ಏಳೂವರೀದು ತಪ್ಪತೈತಿ."

ಏಳೂವರೆಯದು ಎಂದರೆ ಅವಳ ಧಾರಾವಾಹಿ. ನನ್ನ ಎಂಟು ದಿನಕ್ಕೆ ಅಡ್ಡ ಬಂದದ್ದು ಅದು. ಆ ಸಂಜೆಯೇ ಗಂಡನನ್ನು ಕೇಬಲ್‌ನವನ ಹತ್ತಿರ ಅಟ್ಟಿದೆ. ನಮ್ಮ ಕೇಬಲ್‌ನಲ್ಲಿ ಹಿಂದಿ, ಮರಾಠಿ, ಹಾವು ಮೊಸಳೆ ತೋರಿಸುವ ಇಂಗ್ಲಿಷ್ ಎಲ್ಲ ಬರುತ್ತಿತ್ತು, ಕನ್ನಡ ಒಂದು ಬಿಟ್ಟು. "ಕನ್ನಡ ಕೋಣ್ ಪಳೆತಾ?" ಯಾರು ನೋಡುತ್ತಾರೆ ಎಂದು ಅವನು ನಕ್ಕನಂತೆ. ಅತ್ತೆ ಬರುತ್ತಾಳೆ, ಹೆಂಡತಿ ಬಿಡುತ್ತಿಲ್ಲ ಎಂದು ಇವರು ತಮ್ಮ ಹರಕು ಕೊಂಕಣಿಯಲ್ಲಿ ಹೇಳಿಕೊಂಡರು. ಅವನಿಗೂ ಅತ್ತೆ ಇದ್ದಿರಬೇಕು. ಭಜನೆಯ ಚಾನೆಲ್ಲೊಂದನ್ನು ತೆಗೆದು ಆ ಜಾಗಕ್ಕೆ ಕನ್ನಡ ಹಾಕಿಕೊಟ್ಟ. ಕೆಳಗಿನ ಮನೆಯ ಅಜ್ಜಿ ಆಮೇಲೆ ಎಷ್ಟೋ ದಿನ ನನ್ನ ಮುಖ ನೋಡಲಿಲ್ಲ. ನನಗೇನೂ ಅನ್ನಿಸಲಿಲ್ಲ.

ಮೇ ತಿಂಗಳಲ್ಲಿ ಬಂದರು. ಅವ್ವ, ಅಕ್ಕ, ಅಕ್ಕನ ಇಬ್ಬರು ಮಕ್ಕಳು. ಘಾಟಿನ ತಿರುವಿನಲ್ಲಿ ವಾಂತಿ ಶುರುವಿಟ್ಟ ಮಕ್ಕಳು ಘಾಟಿನ ಬುಡದ ಮೊಲೆಂ ಬರುವಷ್ಟರಲ್ಲಿ ಹೊಟ್ಟೆ ಖಾಲಿ ಮಾಡಿಕೊಂಡಿದ್ದವು. ಬಸ್ಸು ಫೋಂಡಾದಲ್ಲಿ ನಿಲ್ಲುವ ಮೊದಲೇ ಕಿಟಕಿಯಿಂದ ಅವ್ವನ ದನಿ ಕೇಳಿಸಿತು.

"ಘಾಟ್ ಇಳಿಯೂ ಮುಂದ ಹೊಟ್ಟಿತುಂಬ ಪೂರಿ ತಿನಸಿದೆಲ್ಲ, ನಿನ್ನ ತಲ್ಯಾಗ ಬುದ್ಧಿ ಐತೋ ತೌಡ ಐತೋ? ಎರಡ ಮಕ್ಕಳ ತಾಯಿ ಅಂತ, ತಾಯಿ."

ಅಕ್ಕ ಹಲ್ಲು ಕಿರಿಯುತ್ತ ಇಳಿದಳು. ಅವ್ವ ಇಳಿದು ನನ್ನ ಗಲ್ಲ ಮುಟ್ಟಿ, "ಆರಾಮ ಅದೀಯೇನವಾ?" ಎಂದಳು. ದನಿ ಅರ್ಧಕ್ಕರ್ಧ ಇಳಿದಿತ್ತು. ಮನೆಗೆ ಬಂದು ನಾಲ್ಕೂ ಗೋಡೆ ನೋಡಿ, "ಮನಿ ಚಲೋ ಇಟ್ಟೀ" ಎಂದಳು. ಅವತ್ತು ಬೆಳಗಿನಿಂದ ಕಸ ಹೊಡೆಯಲು ನನಗೆ ಪುರುಸೊತ್ತೇ ಆಗಿರಲಿಲ್ಲ. ಟೀವಿಯ ಮೇಲಿನ ಧೂಳಿನಲ್ಲಿ ಹೆಸರು ಬರೆಯಬಹುದಿತ್ತು.

ಮೊದಮೊದಲು ನನಗೆ ಅರ್ಥವಾಗಿರಲಿಲ್ಲ. ಅರ್ಥವಾದದ್ದು ರೊಟ್ಟಿಯ ಮುಂದೆ. ಅಂಗಡಿಯಲ್ಲಿ ಸಿಗುವ ಜೋಳದ ಹಿಟ್ಟು ಹಳೆಯದು, ಜಿಗಿ ಇರುವುದಿಲ್ಲ. ನನಗೂ ಅನ್ನ ಬೇಯಿಸಿ ಬೇಯಿಸಿ ರೊಟ್ಟಿಯ ಕೈ ತಪ್ಪಿಹೋಗಿತ್ತು. ಅವತ್ತು ಬಡಿದ ರೊಟ್ಟಿಗಳೆಲ್ಲ ಅಂಚು ಹರಿದು ಗೋವಾದ ನಕಾಶೆಯ ಹಾಗಾಗಿದ್ದವು. ಅವ್ವ ಒಂದನ್ನು ಮುರಿದು ಬಾಯಿಗಿಟ್ಟು, "ಚಲೋ ಆಗ್ಯಾವು" ಎಂದಳು. ಮರುದಿನ ಅಕ್ಕ ಧಾರವಾಡದಿಂದ ತಂದ ಹಿಟ್ಟಿನಲ್ಲಿ ಹಪ್ಪಳದಂಥ ರೊಟ್ಟಿ ಮಾಡಿದಳು. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದೇನ ರೊಟ್ಟಿ? ನಡುವ ಹಸಿ, ಅಂಚ ಸುಟ್ಟೈತಿ. ನಾ ಸತ್ತಮ್ಯಾಗ ಈ ಮಕ್ಕಳ ಗತಿ ಏನ?"

ಅಕ್ಕ, "ನೀ ಸಾಯಾಕಿ ಅಲ್ಲ ತಗೋ" ಎಂದಳು. ಇಬ್ಬರೂ ನಕ್ಕರು. ನಾನು ಸಿಂಕಿನಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ನನ್ನ ಹರಕು ರೊಟ್ಟಿಗೆ ಮರ್ಯಾದೆ, ಅವಳ ದುಂಡು ರೊಟ್ಟಿಗೆ ಬೈಗುಳ. ಆ ಬೈಗುಳಕ್ಕೆ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ ಕೈಯಲ್ಲಿದ್ದ ತಾಟನ್ನು ಎತ್ತಿ ಬಡಿಯಬೇಕೆನಿಸಿತು.

ಇನ್ನೊಂದು ಬೆಳಿಗ್ಗೆ ಚಹಾ ಕುಡಿಯುತ್ತ ಇಬ್ಬರೂ ಮುಖ ಸಣ್ಣದು ಮಾಡಿಕೊಂಡು ಮಾತಾಡುತ್ತಿದ್ದರು. ದೊಡ್ಡ ಸೊಸೆಯನ್ನು ಹೊರಗೆ ಹಾಕಿದರಂತೆ. ಬಸುರಿಯಂತೆ. ಗಂಡ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದನಂತೆ. ನಾನು ಲೋಟ ಕೆಳಗಿಟ್ಟೆ.

"ಯಾರಬೇ? ನಮ್ಮ ಓಣಿ ಮೂಲಿಮನಿಯವ್ರ ಸೊಸೀನ? ಹ್ವಾದ ವರ್ಷ ಅಲ್ಲೇನ ಲಗ್ನ ಆಗಿದ್ದು?"

ಅಕ್ಕನ ಬಾಯಿಯಿಂದ ಚಹಾ ಹೊರಗೆ ಬಂತು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು. ಅದು ಏಳೂವರೆಯ ಸೊಸೆ. ಹಿಂದಿನ ರಾತ್ರಿ ನಾನು ಅಡುಗೆಮನೆಯಲ್ಲಿ ಸೇವು ಕರಿಯುತ್ತಿದ್ದಾಗ ಇಬ್ಬರೂ ಕುಳಿತು ನೋಡಿದ್ದರು. ಅವರಿಗೆ ಅದು ವರ್ಷಗಟ್ಟಲೆಯ ನೆಂಟಸ್ತನ. ಯಾರು ಯಾರ ಮಲಮಗ, ಯಾರ ತಾಳಿ ಯಾರು ಕದ್ದದ್ದು ಎಲ್ಲ ಗೊತ್ತು. ನಾನೇ ತಂದುಕೊಟ್ಟ ಚಾನೆಲ್ಲು, ನನಗೇ ಅದರಲ್ಲಿ ಜಾಗವಿಲ್ಲ. ಇಲ್ಲದ ಮನೆಯ ಇಲ್ಲದ ಸೊಸೆ ನನಗಿಂತ ಹತ್ತಿರದವಳಾಗಿ ಕುಳಿತಿದ್ದಳು. ಅವಳನ್ನು ಹೊರಗೆ ಹಾಕಿದ್ದು ಒಳ್ಳೆಯದೇ ಆಯಿತು ಎಂದುಕೊಂಡು ಒಳಗೆ ಹೋದೆ.

ಭಾನುವಾರ ಗಾಡಿ ಮಾಡಿಕೊಂಡು ಊರು ಸುತ್ತಲು ಹೊರಟೆವು. ಗಂಡ ಮುಂದೆ ಡ್ರೈವರ್ ಪಕ್ಕ. ನಡುವಿನ ಸೀಟಿನಲ್ಲಿ ಅವ್ವ, ಅಕ್ಕ. ಹಿಂದೆ ಮಡಚಿದ ಸೀಟಿನಲ್ಲಿ ಮಕ್ಕಳು, ಬುತ್ತಿ, ನಾನು. ಡ್ರೈವರ್ ತನ್ನ ಹಾಡು ಹಾಕಿದ್ದ. ಅಕ್ಕನ ಮಗಳು ಅದನ್ನು ಬಂದ್ ಮಾಡಿಸಿ ಏಳೂವರೆಯ ಧಾರಾವಾಹಿಯ ಹಾಡು ಎತ್ತಿಕೊಂಡಳು. ಅಕ್ಕ ದನಿಗೂಡಿಸಿದಳು, ಅವ್ವ ತೊಡೆಯ ಮೇಲೆ ತಾಳ ಹಾಕಿದಳು. ಪಣಜಿಯಿಂದ ಜುವಾರಿ ಸೇತುವೆ ದಾಟುವವರೆಗೂ ಅದೇ ಹಾಡು. ಸೇತುವೆಯ ಮೇಲೆ ಎಲ್ಲರೂ ಕಿಟಕಿಗೆ ಮುಖ ಹಚ್ಚಿ ನದಿ ನೋಡುವಾಗ ನನಗೆ ಕಂಡದ್ದು ಅವ್ವನ ತುರುಬು ಮತ್ತು ಅಕ್ಕನ ತುರುಬು.

ಕೊರ್ತಾಲಿಮ್‌ನಲ್ಲಿ ರಸ್ತೆ ಬದಿ ಕಲ್ಲಂಗಡಿ ರಾಶಿ ಹಾಕಿದ್ದ ಒಬ್ಬ ಸಿಕ್ಕ. ನಾನು ಹಿಂದಿಯಲ್ಲಿ ರೇಟು ಕೇಳಿದೆ. ಅವನು ಅವ್ವನ ಸೀರೆ ನೋಡಿ, "ಬರ್ರಿ ಯವ್ವಾ, ಕುಂದರ್ರಿ" ಎಂದ. ವಿಜಾಪುರದ ಕಡೆಯವನು. ಅವ್ವನಿಗೆ ಆಕಾಶ ಮೂರೇ ಗೇಣಾಯಿತು. ಅವನ ಊರು, ತಾಯಿ, ಲಗ್ನ ಎಲ್ಲ ವಿಚಾರಿಸಿ ಮುಗಿಸುವಷ್ಟರಲ್ಲಿ ಅವನು ಹಣ್ಣು ಕೊಯ್ದ. ಒಳಗೆ ಬಿಳಿ.

"ಏನೋ ಖೋಡಿ, ಕಾಯಿ ಕೊಯ್ದು ಹಣ್ಣ ಅಂತೀ? ತಾಯಿ ವಯಸ್ಸಿನಾಕಿಗೆ ಮೋಸ ಮಾಡತೀಯೇನ? ಬ್ಯಾರೇದು ತಗಿ."

"ತಪ್ಪಾತ್ರಿ ಯವ್ವಾ," ಎಂದು ಅವನು ನಗುತ್ತ ಬೇರೆ ಹಣ್ಣು ಬಡಿದು ನೋಡತೊಡಗಿದ. ಅವನ ಮುಖ ಅರಳಿತ್ತು. ಎಷ್ಟು ತಿಂಗಳಾಗಿತ್ತೋ ಪಾಪ, ತಾಯಿಯ ಬೈಗುಳ ಕೇಳಿ. ನನಗೆ ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ರಸ್ತೆಯಲ್ಲಿ ಹೋಗುವವನಿಗೂ ಸಿಕ್ಕಿದ್ದು ನನಗೆ ಸಿಗಲಿಲ್ಲವಲ್ಲ ಎಂದು ಕಲ್ಲಂಗಡಿ ಬೇಡವೆಂದೆ. "ಥಂಡಿ ಆಕೈತೇನೋ, ಬಿಡ್ರಿ ಆಕಿಗೆ," ಎಂದು ಅವ್ವ ನನ್ನ ಪಾಲನ್ನು ಮಕ್ಕಳಿಗೆ ಹಂಚಿದಳು.

ಅಕ್ಕ ಹೊರಡುವ ಹಿಂದಿನ ದಿನ ಅವ್ವ ಬಾಲ್ಕನಿಯಲ್ಲಿ ಅವಳನ್ನು ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ಗಸಗಸ ತಿಕ್ಕಿ, ಕೂದಲು ಜಗ್ಗಿ, ನೆತ್ತಿಗೆ ಬಡಿದು, ನಡುನಡುವೆ "ತಲಿ ನೋಡು, ಕಸಬರಗಿ ಹಂಗ ಆಗೈತಿ" ಎಂದು ಬೈಯುತ್ತ. ಅವಳು ಎದ್ದ ತಕ್ಷಣ ನಾನು ಹೋಗಿ ಆ ಜಾಗದಲ್ಲಿ ಕುಳಿತೆ. ಅವ್ವನ ಬೆರಳು ನನ್ನ ತಲೆಯ ಮೇಲೆ ದೇವರ ಪಟ ಒರೆಸಿದ ಹಾಗೆ ಓಡಾಡಿತು. "ಹಿಂಗ ಸಾಕೇನವಾ? ನೋವ ಆಗೂದಿಲ್ಲಲ್ಲ?" ಎಂದು ಕೇಳಿದಳು. ಸಾಕು ಎಂದೆ.

ಆದರೂ ಎಂಟು ದಿನ ನನ್ನದಿತ್ತು. ಅಕ್ಕ, ಮಕ್ಕಳನ್ನು ಬಸ್ಸು ಹತ್ತಿಸಿ ವಾಪಸು ಬರುವಾಗ ನಾನು ಅವ್ವನ ಕೈ ಹಿಡಿದುಕೊಂಡು ನಡೆದೆ. ನನ್ನ ಗಂಡ ಹಿಂದಿನಿಂದ, "ಇನ್ನ ನಮ್ಮನ್ಯಾಗ ನಮಗ ಚಹಾ ಸಿಗೂದು ಕಷ್ಟ ಐತ್ರಿ ಅತ್ತಿ" ಎಂದು ಚೇಷ್ಟೆ ಮಾಡಿದರು. ಆ ದಿನ ನನ್ನಷ್ಟು ಸುಖಿ ಇಡೀ ಫೋಂಡಾದಲ್ಲಿ ಯಾರೂ ಇರಲಿಲ್ಲ.

ಅವ್ವ ನಾನು ಏಳುವ ಮೊದಲೇ ಹಾಸಿಗೆ ಮಡಚಿಟ್ಟಿರುತ್ತಿದ್ದಳು. ನೀರು ಕುಡಿಯುವುದಕ್ಕೂ ಫ್ರಿಜ್ಜಿಗೆ ಕೈ ಹಾಕದೆ ಕೇಳುತ್ತಿದ್ದಳು. ಸಂಜೆ ಟೀವಿಯ ಮುಂದೆ ಕುಳಿತು, "ಹಚ್ಚಲೇನವಾ? ಅಳಿಯಂದ್ರು ಬಾತ್ಮಿ ನೋಡತಾರೇನ ಕೇಳು" ಎನ್ನುತ್ತಿದ್ದಳು. ನಾನೂ ಪಕ್ಕದಲ್ಲಿ ಕುಳಿತು ಇವಳು ಯಾರು, ಅವನು ಯಾರು ಎಂದು ಕೇಳುತ್ತಿದ್ದೆ. ಅವ್ವ ಶಾಲೆಗೆ ಬಂದ ಸಾಹೇಬರಿಗೆ ಟೀಚರು ವಿವರಿಸಿದ ಹಾಗೆ ತಾಳ್ಮೆಯಿಂದ ಹೇಳುತ್ತಿದ್ದಳು. ಜಾಹೀರಾತು ಬಂದಾಗ, "ನಿಮ್ಮಕ್ಕ ಇದ್ದಿದ್ರ ಈಗ ಅಳತಿದ್ಲು," ಎಂದು ತನ್ನಷ್ಟಕ್ಕೆ ನಕ್ಕಳು. ನಾನು ಅಳು ಬರಿಸಿಕೊಳ್ಳಲು ನೋಡಿದೆ, ಬರಲಿಲ್ಲ.

ದಿನಗಳು ಕರಗುತ್ತಿದ್ದವು. ಅನ್ನ ಮುದ್ದೆಯಾದರೂ ಚಲೋ, ಪಲ್ಯ ತಳ ಹಿಡಿದರೂ ಚಲೋ. ಚಲೋ ಎಂಬ ಮಾತು ಕೇಳಿದರೆ ಮೈ ಉರಿಯತೊಡಗಿತು. ಕೊನೆಗೊಂದು ಮಧ್ಯಾಹ್ನ, ಗಂಡ ಆಫೀಸಿಗೆ ಹೋಗಿದ್ದಾಗ, ಬೇಕಂತಲೇ ಅಡುಗೆಗೆ ಉಪ್ಪು ಹಾಕಲಿಲ್ಲ. ಸಾರಿಗೂ ಹಾಕಲಿಲ್ಲ, ಪಲ್ಯಕ್ಕೂ ಹಾಕಲಿಲ್ಲ. ಬಡಿಸಿ ಎದುರಿಗೆ ಕುಳಿತೆ. ಅವ್ವ ಮೊದಲ ತುತ್ತು ಬಾಯಿಗಿಟ್ಟು ಒಂದು ಕ್ಷಣ ನಿಲ್ಲಿಸಿದಳು. ಈಗ ಬೈಯುತ್ತಾಳೆ ಎಂದು ನಾನು ಮುಂದಕ್ಕೆ ಬಾಗಿದೆ. ಅವಳು ಎರಡನೆಯ ತುತ್ತು ಕಲಸಿದಳು. ಮೂರನೆಯದು. ಪೂರ್ತಿ ತಾಟು ಖಾಲಿ ಮಾಡಿ, "ಚಲೋ ಆಗಿತ್ತವಾ," ಎಂದಳು.

"ಉಪ್ಪ ಹಾಕಿಲ್ಲಬೇ ಅವ್ವಾ."

"ಗೊತ್ತೈತಿ."

"ಮತ್ತ ಯಾಕ ಹೇಳಲಿಲ್ಲ? ಅಕ್ಕ ಹಿಂಗ ಮಾಡಿದ್ರ ಸುಮ್ನಿರತಿದ್ದೇನ?"

ಅವ್ವ ತಾಟಿನಲ್ಲೇ ಕೈ ತೊಳೆದುಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇಷ್ಟು ಸಾದಾ ಮಾತನ್ನೂ ಬಿಡಿಸಿ ಹೇಳಬೇಕೇ ಎಂಬ ಆಶ್ಚರ್ಯ ಮಾತ್ರ ಇತ್ತು.

"ಆಕಿ ಮನಿ ನನ್ನ ಮನಿ. ಇದು ಅಳಿಯಂದ್ರ ಮನಿ ಅಲ್ಲೇನವಾ. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತಾರ. ಮಂದಿ ಮನ್ಯಾಗ ಉಂಡು ಹಂಗೆಲ್ಲಾ ಅನಬಾರದು."

ನಾನು ತಾಟು ಎತ್ತಿಕೊಂಡು ಒಳಗೆ ಹೋದೆ. ಸಾರನ್ನು ಮತ್ತೆ ಒಲೆಗಿಟ್ಟು ಉಪ್ಪು ಹಾಕಿ ಕದಡುತ್ತಿರುವಾಗ ಹಾಲ್‌ನಲ್ಲಿ ಫೋನು ಬಡಿದುಕೊಂಡಿತು. ಅಕ್ಕ. ಮಾಳಿಗೆಯ ಮೇಲೆ ಒಣಹಾಕಿದ್ದ ಶಾವಿಗೆಯನ್ನು ತೆಗೆಯಲು ಮರೆತು ಮಲಗಿದ್ದಳಂತೆ, ಮಳೆ ಬಂದು ಎಲ್ಲ ನೆನೆದಿತ್ತಂತೆ. ಅವ್ವನ ದನಿ ಒಮ್ಮೆಲೇ ಏರಿತು. ಅದು ನನ್ನ ಬಾಲ್ಯದ ದನಿ, ಓಣಿಯ ಆ ತುದಿಗೂ ಕೇಳಿಸುತ್ತಿದ್ದ ದನಿ. ಮನೆಗೇಡಿ ಎಂದಳು, ಹಗಲುನಿದ್ದೆಯವಳೇ ಎಂದಳು, ನಾಕ ದಿನ ನಿನ್ನ ಕೈಯಾಗ ಮನಿ ಬಿಟ್ಟರ ಹಾಳ ಮಾಡಿ ಕುಂತೀಯಲ್ಲ ಎಂದಳು. ನಾನು ಗ್ಯಾಸ್ ಆರಿಸಿ, ಸದ್ದಾಗದಂತೆ ಸೌಟು ಕೆಳಗಿಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಆ ಬೈಗುಳವನ್ನು ಕೊನೆಯವರೆಗೂ ಕೇಳಿದೆ.